ಕರ್ಣನಿಗೆ ವಕೀಲರು ಬೇಕೆ?

ಕೆಳದಿ, ಸಾಗರದ ಸುತ್ತಿನ ಊರುಗಳಲ್ಲಿ ಮಳೆಗಾಲವೆಂದರೆ ತಾಳಮದ್ದಳೆಯ ಕಾಲ. ಬಯಲಿನ ಆಟ ನಿಂತಿರುತ್ತದೆ. ವೇಷವಿಲ್ಲ, ಕುಣಿತವಿಲ್ಲ; ಭಾಗವತರ ಪದ್ಯ, ಮದ್ದಳೆಯ ಪೆಟ್ಟು, ಎದುರುಬದುರು ಕೂತ ಅರ್ಥಧಾರಿಗಳ ಮಾತು, ಇಷ್ಟೇ. ಇಂಥ ಕೂಟಗಳಲ್ಲಿ ನಾನು ಮತ್ತೆ ಮತ್ತೆ ಕೇಳಿದ ಪ್ರಸಂಗ 'ಕರ್ಣಭೇದನ'. ಕೇಳುತ್ತ ಕೇಳುತ್ತ ಒಂದು ತಕರಾರೂ ಬೆಳೆದಿದೆ.

ಸಂಧಾನ ಮುರಿದ ಮೇಲೆ ಕೃಷ್ಣ ಕರ್ಣನನ್ನು ರಥದಲ್ಲಿ ಕೂರಿಸಿಕೊಂಡು ಹುಟ್ಟಿನ ಗುಟ್ಟು ಹೇಳುತ್ತಾನೆ. ಅಲ್ಲಿಂದ ನಮ್ಮ ಅರ್ಥಧಾರಿ ಕರ್ಣನ ಪಾತ್ರ ಬಿಟ್ಟು ಅವನ ವಕೀಲನಾಗುತ್ತಾನೆ. ತಾಯಿ ತೊರೆದದ್ದು, ಗುರು ಶಪಿಸಿದ್ದು, ಸೂತನೆಂದು ಜರೆದದ್ದು ಒಂದೊಂದಾಗಿ ಸಾಕ್ಷಿಗೆ ಬರುತ್ತವೆ. ದ್ರೌಪದಿಯ ವಿಷಯ ಎದ್ದರೆ 'ಅನ್ನದ ಋಣ' ಎಂದು ತೇಲಿಸಿಬಿಡುತ್ತಾನೆ. ಸಭೆಯ ಕಣ್ಣು ಒದ್ದೆಯಾಗುತ್ತದೆ, ನನ್ನದೂ ಆಗಿದೆ.

ಈ ಮಮತೆ ಕನ್ನಡಕ್ಕೆ ಹಳೆಯದು. ಕ್ರಿ.ಶ. 941ರ ಪಂಪ ತನ್ನ ದೊರೆ ಅರಿಕೇಸರಿಯನ್ನು ಅರ್ಜುನನಲ್ಲಿ ಕಂಡು ಕಾವ್ಯ ಕಟ್ಟಿದವನು. ಆದರೂ ಕರ್ಣ ಬಿದ್ದಾಗ ಅವನ ಮನಸ್ಸು ನಾಯಕನ ಪಕ್ಷ ಬಿಟ್ಟು ಸತ್ತವನ ಕಡೆ ವಾಲಿತು. ಕುಮಾರವ್ಯಾಸನ ಕರ್ಣನಂತೂ ಮನೆಮನೆಯವನು.

ಆದರೆ ವ್ಯಾಸಭಾರತದ ಸಭಾಪರ್ವವನ್ನು ತೆಗೆದು ನೋಡಿ. ಪಾಂಡವರ ಮತ್ತು ದ್ರೌಪದಿಯ ಬಟ್ಟೆ ಕಿತ್ತುಕೊಳ್ಳೆಂದು ದುಶ್ಶಾಸನನಿಗೆ ಹೇಳಿದವನು ಕರ್ಣನೇ. ಅಭಿಮನ್ಯುವಿನ ಬಿಲ್ಲನ್ನು ಕತ್ತರಿಸಿದ ಕೈಯೂ ಅವನದೇ. ಇನ್ನೊಂದು ಮಾತು ಇದಕ್ಕಿಂತ ಮುಖ್ಯ. ಉದ್ಯೋಗಪರ್ವದಲ್ಲಿ, ಕೃಷ್ಣನೊಡನೆ ನಡೆಯುವ ಇದೇ ಮಾತುಕತೆಯಲ್ಲಿ, ದುರ್ಯೋಧನನನ್ನು ಮೆಚ್ಚಿಸಲೆಂದು ಪಾಂಡವರಿಗೆ ಕಟುವಾಗಿ ನುಡಿದೆ, ಈಗ ಅದಕ್ಕಾಗಿ ಬೇಯುತ್ತಿದ್ದೇನೆ ಎಂಬ ಅರ್ಥದಲ್ಲಿ ಕರ್ಣನೇ ಹೇಳಿಕೊಳ್ಳುತ್ತಾನೆ. ಅವನು ಒಪ್ಪಿಕೊಂಡದ್ದನ್ನು ಅಲ್ಲಗಳೆಯಲು ನಾವು ಯಾರು?

ತಪ್ಪನ್ನು ತೊಳೆದರೆ ಕರ್ಣ ದೊಡ್ಡವನಾಗುವುದಿಲ್ಲ, ಬರಿಯ ಪಾಪದವನಾಗುತ್ತಾನೆ. ಪಾಂಡವರಿಗೆ ಹಿರಿಯನಾಗಿ ಪಟ್ಟವೇರುವ ಅವಕಾಶ ಕೈಗೆ ಬಂದಿದೆ, ತನ್ನ ಪಕ್ಷ ಸೋಲುವುದೆಂದು ಗೊತ್ತಿದೆ, ತಾನು ಆಡಿದ್ದು ತಪ್ಪೆಂದೂ ಗೊತ್ತಿದೆ. ಇಷ್ಟೆಲ್ಲ ಗೊತ್ತಿದ್ದೂ ಕೊಟ್ಟ ಮಾತಿಗೆ ನಿಲ್ಲುತ್ತಾನಲ್ಲ, ಅಲ್ಲಿದೆ ಅವನ ಎತ್ತರ. ಆ ಎತ್ತರ ನಮ್ಮನ್ನು ಹೆದರಿಸಲೂ ಬೇಕು. ಒಳ್ಳೆಯ ನಿಷ್ಠೆ ಕೆಟ್ಟ ಪಕ್ಷಕ್ಕೂ ಸಲ್ಲಬಹುದು ಎಂಬುದನ್ನು ಅವನಷ್ಟು ಸ್ಪಷ್ಟವಾಗಿ ತೋರಿಸಿದವರು ಭಾರತದಲ್ಲಿ ಕಡಿಮೆ.

ತಾಳಮದ್ದಳೆಯಲ್ಲಿ ಅರ್ಥ ಬರೆದಿಟ್ಟದ್ದಲ್ಲ, ಆ ಕ್ಷಣಕ್ಕೆ ಹುಟ್ಟುವಂಥದ್ದು. ಹಾಗಾಗಿ ಇದನ್ನು ತಿದ್ದುವುದು ಕಲಾವಿದನ ಕೈಯಲ್ಲೇ ಇದೆ. ಒಳಬಾಗಿಲಲ್ಲಿ ಕೂತು ಕೇಳುವ ಹೆಂಗಸರಿಗೆ 'ಅನ್ನದ ಋಣ' ಉತ್ತರವಾಗದು. ಕರ್ಣನ ಬಾಯಲ್ಲಿ ಆ ಪಶ್ಚಾತ್ತಾಪದ ಒಂದು ಮಾತು ಬರಲಿ. ಆಮೇಲೆ ಬೇಕಾದರೆ ಎಲ್ಲರೂ ಅಳೋಣ.