ಕಣ್ಣಿಗೆ ಬೀಳದ ಬೇಲಿ

ಮೈಸೂರು ಮೃಗಾಲಯದಲ್ಲಿ ನನಗೆ ಹುಲಿಗಿಂತ ಹೆಚ್ಚು ಹಿಡಿಸಿದ್ದು ಅದರ ಮುಂದಿನ ಕಂದಕ. ಸರಳುಗಳ ಬದಲು ಹಳ್ಳ ತೋಡಿ, ಅಂಚು ಕಾಣದಂತೆ ಗಿಡ ಬೆಳೆಸುವ ಜಾಣ್ಮೆಯನ್ನು 1907ರಲ್ಲಿ ಹ್ಯಾಂಬರ್ಗ್ ಬಳಿ ಜಗತ್ತಿಗೆ ತೋರಿಸಿಕೊಟ್ಟವನು ಕಾರ್ಲ್ ಹ್ಯಾಗನ್‌ಬೆಕ್. ಪ್ರಾಣಿ ಎಷ್ಟು ದೂರ ಜಿಗಿಯಬಲ್ಲದೆಂದು ಅಳೆದು, ಅದಕ್ಕಿಂತ ಅಗಲವಾಗಿ ತೋಡಬೇಕು. 1892ರಲ್ಲಿ ಚಾಮರಾಜೇಂದ್ರ ಒಡೆಯರ್ ಆರಂಭಿಸಿದ ನಮ್ಮ ಮೃಗಾಲಯಕ್ಕೂ ಇಂಥ ಬಯಲು ಆವರಣಗಳೇ ಸೊಬಗು.

ಪಂಜರದೆದುರು ನಾವು ಸೀಟಿ ಹೊಡೆಯುತ್ತೇವೆ, ಕಡಲೆಕಾಯಿ ಎಸೆಯುತ್ತೇವೆ. ಬಯಲಲ್ಲಿ ಜಿರಾಫೆ ಕಪ್ಪು ನಾಲಿಗೆ ಚಾಚಿ ಎಲೆ ಸುತ್ತಿ ಎಳೆಯುವಾಗ ದನಿ ತಾನಾಗಿ ತಗ್ಗುತ್ತದೆ. “ನೋಡೇ ಪುಟ್ಟಿ, ನಮ್ಮನೆ ಹಸು ಥರಾನೇ ಮೆಲುಕು ಹಾಕ್ತಿದೆ” ಎಂದು ಪಕ್ಕದಲ್ಲಿದ್ದ ಅಜ್ಜಿ ಪಿಸುಗುಟ್ಟಿದರು. ಕಂದಕ ಇದ್ದಲ್ಲೇ ಇತ್ತು, ಅಂತರ ಕರಗಿತ್ತು.