ಭಾರವೂ ಒತ್ತಡವೂ: ಮಾಕೆಯವರ ಮೊಣಕಾಲು ಗ್ರಂಥದ ವಿಮರ್ಶೆ

ಬೆಲ್ಜಿಯಂ ದೇಶದ ಲಿಯೇಜ್ ನಗರದ ಶಸ್ತ್ರವೈದ್ಯರಾದ ಪಾಲ್ ಮಾಕೆಯವರು ೧೯೭೬ರಲ್ಲಿ ಪ್ರಕಟಿಸಿದ ‘ಬಯೋಮೆಕ್ಯಾನಿಕ್ಸ್ ಆಫ್ ದಿ ನೀ’ ಎಂಬ ಗ್ರಂಥವು, ಸಂಧಿವಾತದಿಂದ ಸವೆದ ಮೊಣಕಾಲಿಗೆ ಮೂಳೆಯನ್ನು ಕತ್ತರಿಸಿ ಕಾಲನ್ನು ನೆಟ್ಟಗೆ ಮಾಡುವ ಚಿಕಿತ್ಸೆಯು ಏಕೆ ಫಲಿಸುತ್ತದೆಂಬುದನ್ನು ಯಂತ್ರಶಾಸ್ತ್ರದ ನಿಯಮಗಳಿಂದ ಸಾಧಿಸಹೊರಟ ಕೃತಿ. ಇದರ ಎರಡನೆಯ ಆವೃತ್ತಿಯು ೧೯೮೪ರಲ್ಲಿ ಹೊರಬಂದಿತು. ಚಿಕಿತ್ಸೆಯಾದರೋ ಗ್ರಂಥಕ್ಕಿಂತ ಹಿಂದಿನದು. ಇಂಗ್ಲೆಂಡಿನ ಜ್ಯಾಕ್ಸನ್ ಮತ್ತು ವಾ ಎಂಬ ವೈದ್ಯರು ೧೯೬೧ರಲ್ಲಿಯೇ ಅದರ ಫಲಗಳನ್ನು ಪ್ರಕಟಿಸಿದ್ದರು. ಫಲವು ಮೊದಲು ಕಂಡು ಕಾರಣವನ್ನು ಅನಂತರ ಹುಡುಕಿದಲ್ಲಿ, ಆ ಕಾರಣವನ್ನು ಹೆಚ್ಚು ನಿಷ್ಠುರವಾಗಿ ಪರೀಕ್ಷಿಸಬೇಕಾಗುತ್ತದೆ.

ಗ್ರಂಥದ ವಾದಕ್ಕೆಲ್ಲ ಆಧಾರವಾದುದು ಭಾರಕ್ಕೂ ಒತ್ತಡಕ್ಕೂ ಇರುವ ಭೇದ. ಕೀಲಿನ ಮೇಲೆ ಬೀಳುವ ಭಾರವೆಷ್ಟೆಂಬುದು ಒಂದು ಪ್ರಶ್ನೆ. ಅದು ಎಷ್ಟು ವಿಸ್ತೀರ್ಣದ ಮೇಲೆ ಹೇಗೆ ಹಂಚಿಕೆಯಾಗಿದೆಯೆಂಬುದು ಮತ್ತೊಂದು. ಅಷ್ಟೇ ಭಾರವು ಅರ್ಧ ವಿಸ್ತೀರ್ಣದ ಮೇಲೆ ಬಿದ್ದರೆ ಒತ್ತಡವು ಇಮ್ಮಡಿಯಾಗುವುದು. ಒಂಟಿಕಾಲಿನ ಮೇಲೆ ನಿಂತಾಗ ದೇಹದ ಭಾರವು ಮೊಣಕಾಲಿನ ಒಳಪಾರ್ಶ್ವದಲ್ಲಿ ಎಳೆಯುತ್ತದೆ. ಹೊರಪಾರ್ಶ್ವದ ಸ್ನಾಯುಗಳು ಅದಕ್ಕೆದುರಾಗಿ ಜಗ್ಗಿ ಸಮತೋಲವನ್ನು ಕಾಯುತ್ತವೆ. ಇವೆರಡರ ಫಲಿತಬಲವು ಕೀಲಿನ ನಡುವೆ ಹಾಯುವವರೆಗೆ ಒತ್ತಡವು ಎರಡು ಪಾರ್ಶ್ವಗಳಿಗೂ ಹಂಚಿಹೋಗುವುದು. ಸ್ನಾಯುಗಳು ಸೋತರೆ, ಅಥವಾ ಕಾಲು ಬಿಲ್ಲಿನಂತೆ ಹೊರಕ್ಕೆ ಬಾಗಿದರೆ, ಫಲಿತಬಲವು ಒಳಕ್ಕೆ ಸರಿದು ಅಲ್ಲಿಯ ಮೃದ್ವಸ್ಥಿಯು ಸವೆಯುತ್ತದೆ. ಸವೆದಷ್ಟೂ ಕಾಲು ಬಾಗುತ್ತದೆ, ಬಾಗಿದಷ್ಟೂ ಸವೆಯುತ್ತದೆ. ಜಂಘಾಸ್ಥಿಯನ್ನು ಕೀಲಿನ ಕೆಳಗೆ ಕಮಾನಿನಾಕಾರವಾಗಿ ಕತ್ತರಿಸಿ, ಕಾಲನ್ನು ಸಹಜ ನೇರಕ್ಕಿಂತಲೂ ತುಸು ಆಚೆಗೆ ತಿರುಗಿಸಿ ಕೂಡಿಸಿದರೆ ಫಲಿತಬಲವು ಮರಳಿ ಹೊರಕ್ಕೆ ಸರಿದು ಈ ಸುತ್ತು ನಿಲ್ಲುವುದೆಂಬುದೇ ಮಾಕೆಯವರ ಸಿದ್ಧಾಂತ.

ಇದಕ್ಕೆ ಅವರು ಕೊಡುವ ಪ್ರಮಾಣವು ಗ್ರಂಥದ ಅತ್ಯುತ್ತಮ ಭಾಗವಾಗಿದೆ. ಮೂಳೆಯು ತಾನು ಹೊರುವ ಬಲಕ್ಕೆ ಅನುಗುಣವಾಗಿ ತನ್ನ ರಚನೆಯನ್ನು ಮಾರ್ಪಡಿಸಿಕೊಳ್ಳುವುದೆಂದು ಬರ್ಲಿನ್ನಿನ ಯೂಲಿಯುಸ್ ವೋಲ್ಫ್ ೧೮೯೨ರಲ್ಲಿ ಪ್ರತಿಪಾದಿಸಿದರು. ಆಖೆನ್ನಿನ ಫ್ರೀಡ್ರಿಕ್ ಪೌವೆಲ್ಸ್ ಪಾರದರ್ಶಕ ಮಾದರಿಗಳನ್ನು ಧ್ರುವೀಕೃತ ಬೆಳಕಿನಲ್ಲಿಟ್ಟು ಒತ್ತಡದ ಹಂಚಿಕೆಯನ್ನು ಕಣ್ಣಿಗೆ ಕಾಣಿಸಿದರು. ಅವರ ಮಾರ್ಗವನ್ನೇ ಹಿಡಿದ ಮಾಕೆಯವರು ಕ್ಷಕಿರಣ ಚಿತ್ರವನ್ನು ಶಾಸನವನ್ನೋದುವಂತೆ ಓದುತ್ತಾರೆ. ಆರೋಗ್ಯವಂತ ಕೀಲಿನಲ್ಲಿ ಮೃದ್ವಸ್ಥಿಯ ಕೆಳಗಣ ದಟ್ಟವಾದ ಮೂಳೆಯ ಪಟ್ಟಿಯು ಎರಡು ಕಡೆಯೂ ಸಮನಾಗಿರುತ್ತದೆ. ಬಿಲ್ಲುಗಾಲಿನಲ್ಲಿ ಒಳಪಾರ್ಶ್ವದ ಪಟ್ಟಿಯು ತ್ರಿಕೋಣವಾಗಿ ಬೆಳೆಯುತ್ತದೆ. ಶಸ್ತ್ರಕ್ರಿಯೆಯು ಫಲಿಸಿದಲ್ಲಿ ತ್ರಿಕೋಣವು ಕ್ರಮೇಣ ಕರಗುತ್ತದೆ.

ಆದರೆ ಇಲ್ಲಿಯೇ ಆಕ್ಷೇಪಕ್ಕೆ ಎಡೆಯಿದೆ. ಒತ್ತಡವು ಹೆಚ್ಚಿದುದರಿಂದ ಮೂಳೆ ದಟ್ಟವಾಯಿತೆಂದೂ, ಮೂಳೆ ದಟ್ಟವಾಗಿರುವುದರಿಂದ ಒತ್ತಡವು ಹೆಚ್ಚಿತ್ತೆಂದೂ ಹೇಳುವುದು ತಾರ್ಕಿಕರು ಅನ್ಯೋನ್ಯಾಶ್ರಯವೆಂದು ಕರೆಯುವ ದೋಷಕ್ಕೆ ಗುರಿಯಾಗುತ್ತದೆ. ತ್ರಿಕೋಣವು ಕರಗುವುದೆಂಬುದು ಸಿದ್ಧಾಂತದಿಂದ ಮುಂಚಿತವಾಗಿಯೇ ಹೊರಡುವ ನಿರೀಕ್ಷೆಯಾದುದರಿಂದ, ಅದು ಕಣ್ಣಿಗೆ ಬಿದ್ದಲ್ಲಿ ದೋಷವು ಬಹುಮಟ್ಟಿಗೆ ಪರಿಹಾರವಾಗುವುದು ನಿಜ. ಆದರೂ ಪೂರ್ಣ ಸಮಾಧಾನಕ್ಕೆ ಸ್ವತಂತ್ರ ಸಾಕ್ಷಿ ಬೇಕು.

ಆ ಸಾಕ್ಷಿಯು ನಡಿಗೆಯ ಅಳತೆಯಿಂದ ಬರಬೇಕಾದುದು. ಮಾಕೆಯವರು ನಡಿಗೆಯನ್ನು ಮರೆತವರಲ್ಲ. ಲೈಪ್‌ಜಿಗ್ಗಿನ ಬ್ರೌನೆ ಮತ್ತು ಫಿಷರ್ ಎಂಬ ವಿದ್ವಾಂಸರು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮಾಡಿದ ಅಳತೆಗಳನ್ನು ಬಳಸಿ ಹೆಜ್ಜೆಯ ಒಂದೊಂದು ಘಟ್ಟಕ್ಕೂ ಬಲವನ್ನು ಗಣಿಸಿದರು. ನ್ಯೂನತೆಯೆಂದರೆ, ಆ ಅಳತೆಗಳು ಒಬ್ಬ ಮನುಷ್ಯನ ನಡಿಗೆಯವು. ಒಬ್ಬನ ನಡಿಗೆಯು ಎಲ್ಲರ ನಡಿಗೆಯಾಗಲಾರದು; ನೋವುಳ್ಳವನ ನಡಿಗೆಯಂತೂ ಖಂಡಿತವಾಗಿ ಆಗಲಾರದು. ೧೯೮೫ರಲ್ಲಿ ಪ್ರೊಡ್ರೊಮೊಸ್, ಆಂಡ್ರಿಯಾಕಿ ಮತ್ತು ಗಲಾಂಟೆ ಎಂಬುವರು ಇದೇ ಶಸ್ತ್ರಕ್ರಿಯೆಗೆ ಒಳಗಾದವರ ನಡಿಗೆಯನ್ನು ಪರೀಕ್ಷಿಸಿದರು. ನಡೆಯುವಾಗ ಮೊಣಕಾಲನ್ನು ಬಿಲ್ಲಾಗಿ ಬಾಗಿಸುವ ಬಲವು ಶಸ್ತ್ರಕ್ರಿಯೆಗೆ ಮೊದಲೇ ಅಲ್ಪವಾಗಿದ್ದವರಿಗೆ ಫಲವು ಉತ್ತಮವಾಯಿತು. ಆ ಬಲವು ಅಧಿಕವಾಗಿದ್ದವರಿಗೆ ಅಷ್ಟು ಚೆನ್ನಾಗಿ ಒದಗಲಿಲ್ಲ. ಆದುದರಿಂದ ಒತ್ತಡದ ಹಂಚಿಕೆಯನ್ನು ನಿರ್ಧರಿಸುವುದು ಮೂಳೆಯ ಕೋನವೊಂದೇ ಅಲ್ಲ. ನಡೆಯುವವನೂ ಅದರಲ್ಲಿ ಪಾಲುಗಾರನು.

ಇನ್ನೊಂದಂಶವನ್ನೂ ಮರೆಯಲಾಗದು. ಅಳತೆಯ ಉಪಕರಣಗಳನ್ನು ಹುದುಗಿಸಿದ ಕೃತಕ ಕೀಲುಗಳಿಂದ, ಸಮನೆಲದ ನಡಿಗೆಯಲ್ಲಿಯೇ ಮೊಣಕಾಲಿನ ಮೇಲೆ ದೇಹಭಾರದ ೨ರಿಂದ ೩ ಪಟ್ಟು ಬಲ ಬೀಳುವುದು ತಿಳಿದುಬಂದಿದೆ. ಮೂಳೆಯನ್ನು ಕತ್ತರಿಸಿ ಕೂಡಿಸಿದಮಾತ್ರಕ್ಕೆ ಈ ಹೊರೆಯು ಇಲ್ಲದಂತಾಗುವುದಿಲ್ಲ. ಒಳಪಾರ್ಶ್ವವು ಇಳಿಸಿದ ಪಾಲನ್ನು ಹೊರಪಾರ್ಶ್ವವು ಹೊರಬೇಕು. ಆ ಪಾರ್ಶ್ವದ ಮೃದ್ವಸ್ಥಿಯೂ ಸವೆದಿದ್ದರೆ ಚಿಕಿತ್ಸೆಯು ಒಂದು ನೋವನ್ನು ಇನ್ನೊಂದು ಕಡೆಗೆ ಸಾಗಿಸಿದಂತಾಗುವುದು.

ಈ ನ್ಯೂನತೆಗಳಿಂದ ಗ್ರಂಥದ ಬೆಲೆಯು ಕುಂದಲಾರದು. ನೋವುಳ್ಳ ಕೀಲನ್ನು ತೆಗೆದುಹಾಕದೆ, ಅದರ ಹೊರೆಯನ್ನು ನ್ಯಾಯವಾಗಿ ಹಂಚುವುದರಿಂದಲೇ ಅದನ್ನು ಉಳಿಸಿಕೊಳ್ಳಬಹುದೆಂಬ ವಿವೇಕವನ್ನು ಅದು ಸಕಾರಣವಾಗಿ ಬೋಧಿಸಿತು. ದುಡಿದು ಬದುಕಬೇಕಾದ ನಡುವಯಸ್ಸಿನವರಿಗೆ, ಕೃತಕ ಕೀಲನ್ನು ಕೆಲವು ವರ್ಷಗಳಾದರೂ ಮುಂದೂಡಬಲ್ಲ ಈ ವಿವೇಕವು ಅಲ್ಪವಾದುದಲ್ಲ. ಒಬ್ಬನ ನಡಿಗೆಯಿಂದ ಕಟ್ಟಿದ ಗಣಿತವನ್ನು ಎದುರಿಗಿರುವ ರೋಗಿಯ ನಡಿಗೆಯೊಡನೆ ಹೋಲಿಸಿ ನೋಡಿದ ಮೇಲೆಯೇ ಗರಗಸವನ್ನು ಕೈಗೆತ್ತಿಕೊಳ್ಳುವುದು ಯುಕ್ತ.