ವಿದ್ಯುತ್ತರಂಗದ ವಿಕೃತಿ: ಪರಿಭಾಷೆಯ ವಿಮರ್ಶೆ

1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಸಾಗಿತು. 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ‘ವಿಜ್ಞಾನ’ ಪತ್ರಿಕೆಯನ್ನು ಹೊರಡಿಸಿದ ಮೇಲೆ ಶಾಸ್ತ್ರವಿಷಯಗಳಿಗೆ ಕನ್ನಡದ ಮಾತನ್ನು ಹುಡುಕುವ ಉದ್ಯಮವೂ ಬಲಿಯಿತು. ಆದರೂ ವಿದ್ಯುಚ್ಛಾಸ್ತ್ರದ ‘ಹಾರ್ಮೋನಿಕ್’ ಎಂಬುದಕ್ಕೆ ಒಪ್ಪುವ ಮಾತು ನೆಲೆಗೊಂಡಂತೆ ತೋರದು.

ಪದಕ್ಕಿಂತ ಮೊದಲು ಪದಾರ್ಥವನ್ನು ನೋಡತಕ್ಕದ್ದು. ವಿದ್ಯುತ್ತಿನ ಒತ್ತಡವು ಸೆಕೆಂಡಿಗೆ 50 ಆವೃತ್ತಿಗಳ ನಯವಾದ ತರಂಗವಾಗಿರಬೇಕು. ಮೈಸೂರಿನ ಸಿದ್ಧಾರ್ಥನಗರದಂತಹ ಬಡಾವಣೆಗಳ ಮನೆಗಳಲ್ಲಿ ಈಗ ಬಳಕೆಯಾಗುವ ಎಲ್‌ಇಡಿ ದೀಪ, ಗಣಕಯಂತ್ರ ಮೊದಲಾದವುಗಳಲ್ಲಿ ಅನೇಕವು ತರಂಗದ ನೆತ್ತಿಯಲ್ಲಿ ಮಾತ್ರ ಪ್ರವಾಹವನ್ನು ಗಬಕ್ಕನೆ ಸೆಳೆಯುತ್ತವೆ. ಈ ಸೊಟ್ಟ ಆಕಾರವನ್ನು ಫೂರಿಯೆ 1822ರಲ್ಲಿ ತೋರಿಸಿದ ಕ್ರಮದಿಂದ ಬಿಡಿಸಿದರೆ ಮೂಲತರಂಗದೊಡನೆ 150, 250, 350 ಆವೃತ್ತಿಗಳ ತರಂಗಗಳು ಹೊರಬೀಳುತ್ತವೆ.

ಇವನ್ನು ‘ಸಂಗತ’ವೆಂದು ಕರೆಯುವುದು ಸಂಗೀತದ ಕಿವಿಯಿಂದ ಬಂದ ಮಾತು. ಮೃದಂಗದಲ್ಲಿ ಅದು ಸಲ್ಲುತ್ತದೆ: ಚರ್ಮದ ನಡುವಿನ ಕರಣೆಯ ಭಾರದಿಂದ ಮೇಲಣ ನಾದಗಳು ಪೂರ್ಣಾಂಕದ ಅನುಪಾತಕ್ಕೆ ಬರುತ್ತವೆಂಬುದನ್ನು ಸಿ. ವಿ. ರಾಮನ್ನರೂ ಶಿವಕಾಳಿ ಕುಮಾರರೂ 1920ರಲ್ಲಿ ತೋರಿಸಿದರು. ಅಲ್ಲಿ ಗುಣವಾದುದು ತಂತಿಯಲ್ಲಿ ದೋಷ. ಮೂರು ಹಂತಗಳ ಮೂಲಪ್ರವಾಹಗಳು ಸಮವಾಗಿದ್ದರೆ ತಟಸ್ಥ ತಂತಿಯಲ್ಲಿ ಒಂದನ್ನೊಂದು ಕಳೆಯುತ್ತವೆ; ಮೂರನೆಯ ಗುಣಿತದವು ಕಳೆಯದೆ ಮೂರುಪಟ್ಟಾಗಿ ಕೂಡುತ್ತವೆ. (ತಟಸ್ಥನೆಂದರೆ ದಡದಲ್ಲಿ ನಿಂತವನು, ಇಲ್ಲಿ ಹೊಳೆಯೇ ಅವನ ಮೇಲೆ ಹರಿಯುತ್ತದೆ!) ತಂತಿ ಕಾಯ್ದು ಹೊದಿಕೆ ಸುಡಬಹುದಾದೆಡೆ ‘ಸಂಗತ’ವೆಂದು ಓದಿದ ವಿದ್ಯಾರ್ಥಿಯು ಎಚ್ಚರಗೊಳ್ಳುವುದೆಂತು?

ಗಣಿತದ ‘ಹರಾತ್ಮಕ’ವೂ ತೃಪ್ತಿಕರವಲ್ಲ. ತಂತಿಯ ಉದ್ದವನ್ನು ಭಾಗಿಸುವ ವೈಣಿಕನಿಗೆ ಹರವುಂಟು. ಇಲ್ಲಿರುವುದು ಆವೃತ್ತಿಯ ಗುಣಾಕಾರ. ‘ಗುಣಿತತರಂಗ’ವೆಂದರೆ ಅರ್ಥವು ನೇರವಾಗುತ್ತದೆ. ‘ವಿಕೃತಿ’ಯೆಂಬ ಮಾತಾದರೋ ಉಳಿಯತಕ್ಕದ್ದೇ, ಮೂಲವು ಅಳಿಯದೆ ರೂಪವು ಕೆಟ್ಟಿತೆಂಬುದನ್ನು ಅದು ಸರಿಯಾಗಿ ಹೇಳುತ್ತದೆ.

ಪರಿಹಾರಗಳನ್ನೆಲ್ಲ ‘ನಿವಾರಣೆ’ಯೆಂದು ಒಂದೇ ಗಂಟಿಗೆ ಕಟ್ಟುವುದು ಇನ್ನೂ ದೊಡ್ಡ ಲೋಪ. ಸುರುಳಿ ಮತ್ತು ಧಾರಕಗಳನ್ನು ಕೂಡಿಸಿ 250ರ ಆವೃತ್ತಿಗೆ ಶ್ರುತಿಮಾಡಿದ ಉಪಕರಣವು ಆ ಪ್ರವಾಹವನ್ನು ಸೋಸುವುದಿಲ್ಲ. ಅದಕ್ಕೆ ಸುಲಭವಾದ ಅಡ್ಡದಾರಿಯನ್ನು ಕೊಡುತ್ತದೆ. ‘ಶೋಧಕ’ಕ್ಕಿಂತ ಕೆರೆಯ ‘ಕೋಡಿ’ಯೇ ಇದಕ್ಕೆ ಹತ್ತಿರ. ಎದುರು ಪ್ರವಾಹವನ್ನು ತಾನೇ ಹುಟ್ಟಿಸಿ ವಿಕೃತಿಯನ್ನು ಕಳೆಯುವ ಯಂತ್ರಕ್ಕೆ ಆ ಹೆಸರು ಸಲ್ಲದು, ಅದು ಪ್ರತಿತರಂಗಕಾರಿ. ಪರಿವರ್ತಕದ ತ್ರಿಕೋನಸುತ್ತಾದರೋ ಮೂರನೆಯ ಗುಣಿತವನ್ನು ತನ್ನೊಳಗೇ ಸುತ್ತಿಸಿಕೊಂಡು ಮೇಲಿನ ತಂತಿಗಳಿಗೆ ಹೋಗಗೊಡುವುದಿಲ್ಲ. ಅದಕ್ಕೆ ಹೊಸ ಹೆಸರೇ ಬೇಡ.